ಸಿಡ್‌ನ ಸುತ್ತಿಗೆ

"ಗುಡ್," ಎಂದು ಇಂಜಿನ್ನಿನ ಹೊಟ್ಟೆಯೊಳಗಿಂದ ಸಿದ್ರಾಮಪ್ಪ ಕೂಗಿದ. ಹೊರಗೆ ಬಗ್ಗಿ ನಿಂತಿದ್ದ ನೆವಿಲ್ ತಲೆಯಾಡಿಸಿದ. ಕೆಟ್ಟ ಸರಳು ಸಿಕ್ಕರೆ ಗುರುತು ಹಾಕಲೆಂದು ಅವನ ಕೈಯಲ್ಲಿ ಸೀಮೆಸುಣ್ಣವಿತ್ತು. ಬೆಳಗಿನಿಂದ ಅದಕ್ಕೆ ಕೆಲಸವೇ ಬಿದ್ದಿರಲಿಲ್ಲ.

ಪಕ್ಕದಲ್ಲಿ ಬುತ್ತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ದ್ರಾಕ್ಷಾಯಣಿ ಥಟ್ಟನೆ ತಲೆಯೆತ್ತಿದಳು. ಇಷ್ಟು ಹೊತ್ತು ಟಣ್ ಟಣ್ ಎನ್ನುತ್ತಿದ್ದ ಗಂಡನ ಸುತ್ತಿಗೆ ಈಗ ಥಪ್ ಎಂದಿತ್ತು. ಇನ್ನೊಂದು ಏಟು. ಮತ್ತೆ ಥಪ್. "ಗುಡ್," ಎಂದಿತು ಒಳಗಿನ ದನಿ.

ಬಾಯ್ಲರಿನ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಆದರೆ ಗದಗಿನ ಸಂತೆಯಲ್ಲಿ ಬೆರಳ ಗೆಣ್ಣಿನಿಂದ ಬಾರಿಸಿ ನೋಡದೆ ಒಂದು ಗಡಿಗೆಯನ್ನೂ ಕೊಂಡವಳಲ್ಲ. ಸೀಳು ಬಿಟ್ಟ ಗಡಿಗೆಯ ಸದ್ದನ್ನು ನಿದ್ದೆಗಣ್ಣಲ್ಲೂ ಗುರುತಿಸುವಳು. ಇಂಜಿನ್ನಿನ ಬೆಂಕಿಗೂಡಿಗೆ ಒಳತಗಡೊಂದು, ಹೊರತಗಡೊಂದು, ನಡುವೆ ಕುದಿಯುವ ನೀರು. ಎರಡೂ ತಗಡುಗಳನ್ನು ಬಿಗಿದು ಹಿಡಿಯಲು ಸಾಲುಸಾಲು ಗಿಡ್ಡ ಸರಳುಗಳು. ಸುತ್ತಿಗೆಯಿಂದ ಬಡಿದರೆ ಗಟ್ಟಿ ಸರಳು ಟಣ್ ಎನ್ನುತ್ತದೆ, ಒಳಗೇ ಮುರಿದದ್ದು ಥಪ್ ಎನ್ನುತ್ತದೆ. ಇದನ್ನೆಲ್ಲ ಹೇಳಿದವನು ಸಿದ್ರಾಮಪ್ಪನೇ, ಮದುವೆಯಾದ ಹೊಸತರಲ್ಲಿ, ಮೈಗೆ ಮಸಿ ಮೆತ್ತಿಕೊಂಡು ರೈಲ್ವೆ ಶೆಡ್ಡಿನಿಂದ ಬಂದು ಊಟಕ್ಕೆ ಕುಳಿತಾಗ. ಸರಳುಗಳು ಕೈಬಿಟ್ಟರೆ ಏನಾಗುತ್ತದೆಂದು ಯಾರೂ ಹೇಳಬೇಕಿರಲಿಲ್ಲ. ಉಗಿಗೆ ಸಿಕ್ಕು ಮೈಯೆಲ್ಲ ಬೆಂದಿದ್ದ ಮಗ್ಗುಲ ಕ್ವಾರ್ಟರ್ಸಿನ ಗುರುರಾಜನನ್ನು ಬಾಳೆಯೆಲೆಯ ಮೇಲೆ ಮಲಗಿಸಿಕೊಂಡು ತಂದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಆ ಬಾಯ್ಲರುಗಳೇ ಸಿದ್ರಾಮಪ್ಪನ ಕಿವಿಯನ್ನು ತಿಂದಿದ್ದವು. ಆಯುಷ್ಯವೆಲ್ಲ ಕಬ್ಬಿಣದ ಗೂಡಿನೊಳಗೆ ಕುಳಿತು ಬಡಿದವನಿಗೆ ಕಿವಿ ಅಂತ ಇನ್ನೇನು ಉಳಿದೀತು? ಊರಲ್ಲಿದ್ದಾಗಲೇ ಅರ್ಧ ಹೋಗಿತ್ತು, ಇಲ್ಲಿಗೆ ಬಂದ ಮೇಲೆ ಉಳಿದರ್ಧವೂ ಹೋಯಿತು. ಆದರೆ ಈ ದೇಶದಲ್ಲಿ ಅದು ಯಾರಿಗೂ ತಿಳಿಯಲಿಲ್ಲ ನೋಡಿ. ಕರೆದರೆ ತಿರುಗದಿದ್ದಾಗ ಇಲ್ಲಿನ ಜನ, ಪಾಪ, ಮುದುಕನಿಗೆ ಇಂಗ್ಲಿಷ್ ಬಾರದು ಎಂದುಕೊಂಡರು. ಮಗ ನಂದೀಶ, ಅಪ್ಪನಿಗೆ ಯಾರ ಜೊತೆಯೂ ಮಾತು ಬೇಡವಾಗಿದೆ ಎಂದುಕೊಂಡ. ಉಳಿದದ್ದನ್ನು ದ್ರಾಕ್ಷಾಯಣಿ ಮುಚ್ಚಿಹಾಕಿದಳು. ತುಟಿ ಕಾಣುವ ಹಾಗೆ ಎದುರಿಗೇ ನಿಂತು ಮಾತಾಡುವಳು, ಊರಿಂದ ಫೋನ್ ಬಂದರೆ "ಅವರು ಜಳಕಕ್ಕ ಹೋಗ್ಯಾರ" ಎಂದುಬಿಡುವಳು.

ಈ ದೇಶದ ಅಪ್ಪರ್ ಹಟ್ ಎಂಬ ಊರಲ್ಲಿ, ಮಗನ ಮನೆಯಲ್ಲಿ, ಅವನು ಬಹಳ ದಿನ ಕಿಟಕಿಗೆ ಮುಖ ಹಾಕಿಕೊಂಡು ಕುಳಿತಿದ್ದ. ಗುಡ್ಡದಾಚೆ ಹಳೆಯ ಉಗಿಬಂಡಿಯೊಂದನ್ನು ರಿಪೇರಿ ಮಾಡುವ ಮಂದಿ ಇದ್ದಾರೆಂದು ನಂದೀಶ ಒಂದು ಶನಿವಾರ ಇಲ್ಲಿಗೆ ಕರೆತಂದ. ರಿಟೈರಾದ ಪೋಸ್ಟ್‌ಮ್ಯಾನ್, ಮಾಂಸದಂಗಡಿಯವನು, ಶಾಲೆ ಮಾಸ್ತರರು, ಎಲ್ಲ ಸಂಬಳವಿಲ್ಲದ ಕೆಲಸದವರು. ಪಾರ್ಕಿನಲ್ಲಿ ಮಕ್ಕಳು ಹತ್ತಿ ಕುಣಿಯಲೆಂದು ನಿಲ್ಲಿಸಿ ತುಕ್ಕು ಹಿಡಿದಿದ್ದ ಇಂಜಿನ್ನನ್ನು ತಂದು ಶನಿವಾರಗಳನ್ನೆಲ್ಲ ಅದಕ್ಕೆ ಸುರಿದಿದ್ದರು. ಬಾಯ್ಲರಿನೊಳಗೆ ಕುಳಿತು ಕೆಲಸ ಮಾಡಿದವರು ಮಾತ್ರ ಅವರಲ್ಲಿ ಒಬ್ಬರೂ ಇರಲಿಲ್ಲ. ಮರುವಾರ ಸಿದ್ರಾಮಪ್ಪ ಧೋತರದಲ್ಲಿ ಸುತ್ತಿ ತಂದಿದ್ದ ಪುಟ್ಟ ಸುತ್ತಿಗೆಯನ್ನು ತೆಗೆದಾಗ ಎಲ್ಲರೂ ಬಂದು ಸುತ್ತ ನಿಂತರು. ಅವತ್ತೇ ಅವರ ಬಾಯಲ್ಲಿ ಸಿದ್ರಾಮಪ್ಪ ಸಿಡ್ ಆದ. ಆಮೇಲೆ ಅವನ ಹುರುಪೇನು ಕೇಳುತ್ತೀರಿ! ಶುಕ್ರವಾರವೇ ಪ್ಯಾಂಟಿಗೆ ಇಸ್ತ್ರಿಯಾಗಬೇಕು, ಬುತ್ತಿಗೆ ಏನು ಎಂದು ಗೊತ್ತಾಗಬೇಕು. ಈಗ ಬರುವ ಶನಿವಾರ ಇಂಜಿನ್ನಿಗೆ ಮೊದಲ ಬೆಂಕಿ. ಸಿಡ್ ಸರಿ ಎಂದರೆ ಸರಿ ಎಂದು ಅವರ ಮುಂದಾಳು ನೆವಿಲ್ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಊಟದ ಹೊತ್ತಿಗೆ ಹೊರಬಂದ ಗಂಡನನ್ನು ದ್ರಾಕ್ಷಾಯಣಿ ಶೆಡ್ಡಿನ ಹಿಂದಕ್ಕೆ ಕರೆದೊಯ್ದಳು. ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟು ಅವನ ಎದುರಿಗೆ ಕುಳಿತಳು.

"ಅಲ್ರೀ, ಆಗಳೆ ಎರಡು ಥಪ್ ಅಂದ್ವು. ನೀವು ಗುಡ್ ಅಂದ್ರಿ."

"ನಿನಗೇನ ತಿಳೀತೈತಿ ಅದು."

"ಗಡಿಗಿ ತಿಳೀತೈತಲ್ರಿ ನನಗ."

ಅವನು ರೊಟ್ಟಿ ಮುರಿಯುತ್ತಲೇ ಇದ್ದ. "ಸುತ್ತಿಗಿ ಜಿಗದ ಬರೂದು ಕೈಗೆ ಗೊತ್ತಾಗತೈತಿ. ಕಿವಿ ಯಾಕ ಬೇಕು?"

"ಖರೇ ಹೇಳ್ರಿ."

ಅವನು ತುತ್ತನ್ನು ಡಬ್ಬಿಗೇ ಹಾಕಿದ. "ಮೊದಲ ಗೊತ್ತಾಗತಿತ್ತು," ಎಂದ. "ಈಗ ಕೈನೂ ನಡಗತಾವ."

"ಮತ್ತ ಹೇಳಿಬಿಡೂಣು ಅವರಿಗೆ. ಬ್ಯಾರೆ ಯಾರರೆ ಬಂದು ನೋಡ್ಲಿ."

"ಹೇಳಿ? ಶನಿವಾರ ನಾ ಎಲ್ಲಿಗಿ ಹೋಗ್ಲಿ? ಆ ಕಿಟಕಿ ಮುಂದ ಕುಂದರ್ಲೇನು?" ಅವನ ಕಣ್ಣು ತುಂಬಿತು. "ಇಲ್ಲೆ ನಾ ಬರೂದನ್ನ ಕಾಯ್ತಾರ. ಅಲ್ಲೆ ಯಾರ ಕಾಯ್ತಾರ ನನ್ನ?"

ಈ ಮನುಷ್ಯ ಯಾರ ಹತ್ತಿರವೂ ಹೀಗೆ ಅಂಗಲಾಚಿದ್ದನ್ನು ಅವಳು ಕಂಡಿರಲಿಲ್ಲ. ಉಪಾಯ ಹೇಳಿದವನೂ ಅವನೇ. "ನೀ ಬಾಗಲದ ಹಂತೇಕ ಕುಂದ್ರು. ಥಪ್ ಅಂದ್ರ ತಗಡಿಗೆ ಪಾನಾಲೆ ಒಂದ ಏಟು ಹಾಕು. ಒಳಗ ನಾ ಅಂಗೈ ಹಚ್ಚಿರತೀನಿ. ಮೊದಲಿಂದ ನೋಡೂಣು."

ಹಾಗೇ ಮಾಡಿದರು. ಥಪ್ ಎಂದಾಗ ಅವಳು ನಟ್ಟು ಬಿಗಿಯುವ ಪಾನಾದಿಂದ ತಗಡಿಗೆ ತಟ್ಟಿದಳು. ಒಳಗೆ ಅಂಗೈಗೆ ಅದು ಮುಟ್ಟಿತು. "ನೋ ಗುಡ್." ನೆವಿಲ್ ಹುಬ್ಬೇರಿಸಿದ, ಸೀಮೆಸುಣ್ಣದಿಂದ ಗುರುತು ಹಾಕಿದ. ಇನ್ನೊಂದು ಸಿಕ್ಕಿತು. ಅದಕ್ಕೂ ಗುರುತು. ಬೆಳಿಗ್ಗೆ ಸರಿಯಿದ್ದದ್ದು ಈಗೇಕೆ ಕೆಟ್ಟಿತೆಂದು ಅವನು ಕೇಳಲಿಲ್ಲ. ಸಿಡ್ ಎರಡೆರಡು ಸಲ ನೋಡುವವನೆಂದು ಅವನಿಗೆ ಇನ್ನಷ್ಟು ಗೌರವವೇ ಬಂದಿರಬೇಕು. ಒಮ್ಮೆ ಸಿದ್ರಾಮಪ್ಪ ಲಾಂದ್ರವನ್ನು ಸರಿಸುವಾಗ ಅವಳ ಕಡೆ ನೋಡಿ ನಕ್ಕ. ಸುಳ್ಳೇಕೆ, ಆ ಹೊತ್ತು ಅವಳಿಗೂ ಖುಷಿಯಾಯಿತು.

ಆದರೆ ನೆವಿಲ್ ಒಳ್ಳೆಯ ಮನುಷ್ಯ. ಮುದುಕಿಯ ಸೀರೆಗೆಲ್ಲ ಮಸಿಯಾದದ್ದನ್ನು, ಅವಳು ಕೆಮ್ಮುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಮೊಳಕೈ ಹಿಡಿದು ಎಬ್ಬಿಸಿದ. "ನೋ, ನೋ," ಎಂದಳು. ಸಂಕೋಚವೆಂದುಕೊಂಡು ಅವನು ನಗುತ್ತಲೇ ಕರೆದೊಯ್ದ, ಪಕ್ಕದ ಹಳೇ ರೈಲುಡಬ್ಬಿಯ ಸೀಟಿನಲ್ಲಿ ಕೂರಿಸಿದ, ಕೈಗೆ ಚಹಾ ಕೊಟ್ಟ, ಬಿಸ್ಕತ್ತು ಕೊಟ್ಟ, ಮರಳಿ ಹೋದ.

ಅಲ್ಲಿಂದಲೂ ಕೇಳಿಸಿತು. ಟಣ್. ಟಣ್. ಥಪ್.

ಆಮೇಲೆ ಸದ್ದಿಲ್ಲ. ಒಳಗೆ ಅವನು ಅಂಗೈಯನ್ನು ತಗಡಿಗೆ ಹಚ್ಚಿ ಅವಳ ಏಟಿಗೆ ಕಾಯುತ್ತಿದ್ದಾನೆ. ಅವಳು ಎದ್ದುಹೋದದ್ದು ಅವನಿಗೆ ಗೊತ್ತಿಲ್ಲ. ಅವಳು ಕಪ್ಪನ್ನು ಕೆಳಗಿಡುವಷ್ಟರಲ್ಲಿ ಧೈರ್ಯದ ದನಿ ಬಂತು: "ಗುಡ್."

ಹೋಗಿ ಮತ್ತೆ ಅಲ್ಲೇ ಕುಳಿತುಕೊಳ್ಳಬಹುದಿತ್ತು. ಕಾಲುಗಳು ಅತ್ತಲೇ ಹೊರಟವು. ಆದರೆ ಈಗ ತಪ್ಪಿದ್ದು ಯಾವ ಸರಳು ಎಂದು ಅವಳು ಹೇಗೆ ತೋರಿಸುವಳು? ಇನ್ನೊಂದು ಕೆಮ್ಮಿನಲ್ಲಿ ಇನ್ನೊಂದು ತಪ್ಪಿದರೆ? ಬರುವ ಶನಿವಾರ ಆ ಬೆಂಕಿಯ ಬಾಗಿಲ ಎದುರು ನಿಲ್ಲುವವನು ಈ ನೆವಿಲ್, ಅವನ ಪಕ್ಕದಲ್ಲಿ ಹೆಮ್ಮೆಯಿಂದ ನಿಲ್ಲುವವನು ಅವಳ ಗಂಡ. ಬಾಳೆಯೆಲೆ ಕಣ್ಣ ಮುಂದೆ ಬಂತು. ಅವಳು ನೆವಿಲ್‌ನ ಎದುರಿಗೆ ಹೋಗಿ ನಿಂತಳು.

ಏನೆಂದು ಹೇಳುವುದು? ಗಂಡನ ಹೆಸರನ್ನು ಅವಳು ಬಾಯಿಗೆ ತಂದವಳಲ್ಲ. ಮದುವೆಯಲ್ಲಿ ಗೆಳತಿಯರು ಹೊಸ್ತಿಲಿಗೆ ಅಡ್ಡ ನಿಂತು ಕಾಡಿದಾಗ ಪ್ರಾಸ ಹಾಕಿ ಒಡಪು ಕಟ್ಟಿ, ನಾಚಿಕೊಂಡು, ಒಂದೇ ಸಲ ಹೇಳಿದ್ದಳು.

"ಸಿದ್ರಾಮಪ್ಪ," ಎಂದಳು. ಕಿವಿ ಮುಟ್ಟಿ ತೋರಿಸಿದಳು. "ಸಿದ್ರಾಮಪ್ಪ, ನೋ ಹಿಯರ್."

ನೆವಿಲ್ ಮೊದಲು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. ಗೂಡಿನ ಬಾಗಿಲಿಗೆ ಬಗ್ಗಿ, ಅತ್ತ ಮುಖ ಮಾಡಿ ಕುಳಿತವನ ಬೆನ್ನಿಗೆ ಕರೆದ. "ಸಿಡ್." ಟಣ್. "ಸಿಡ್," ಎಂದು ಗಟ್ಟಿಯಾಗಿ ಕರೆದ. ಥಪ್. ಎಡಗೈಯನ್ನು ತಗಡಿಗೆ ಹಚ್ಚಿ ಸಿದ್ರಾಮಪ್ಪ ಸ್ವಲ್ಪ ಕಾದ. "ಗುಡ್," ಎಂದ.

ನೆವಿಲ್ ಕೈಚಾಚಿ ಅವನ ಭುಜ ಮುಟ್ಟಿದ. ತಿರುಗಿದ ಸಿದ್ರಾಮಪ್ಪ ನೆವಿಲ್‌ನ ಮುಖ ನೋಡಿದ, ಅವನ ಹಿಂದೆ ಬರಿಗೈಯಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ. ಸುತ್ತಿಗೆ ಎತ್ತಿಕೊಂಡು ಹೊರಬಂದ. ಯಾರೂ ಬೈಯಲಿಲ್ಲ. ನೋ ವರೀಸ್ ಎಂದು ನೆವಿಲ್ ಬೆನ್ನು ತಟ್ಟಿದ, ಉಜ್ಜಲು ಹಿತ್ತಾಳೆ ಬೇಕಾದಷ್ಟಿದೆ ಎಂದು ಸನ್ನೆ ಮಾಡಿ ಕೈಗೊಂದು ಅರಿವೆ ಕೊಟ್ಟ. ಸಿದ್ರಾಮಪ್ಪ ಅದನ್ನು ನೀಟಾಗಿ ಮಡಚಿ ಪೆಟ್ಟಿಗೆಯ ಮೇಲಿಟ್ಟ. ಆ ವಾರವೆಲ್ಲ ಅವನು ಅವಳ ತುಟಿಯನ್ನು ನೋಡಲಿಲ್ಲ. ತುಟಿ ನೋಡದವನಿಗೆ ಮಾತು ಮುಟ್ಟಿಸುವುದು ಹೇಗೆ?

ಮುಂದಿನ ಶನಿವಾರ ಬೆಳಿಗ್ಗೆ ನಂದೀಶ ಕಾರಿನ ಕೀಲಿ ಹಿಡಿದು ಬಂದ. "ಯಪ್ಪಾ, ಹೊಂಡೂಣೇನು?" ಎಂದ. ಕಿಟಕಿಯ ಮುಂದೆ ಕುಳಿತಿದ್ದವನು ಅಲುಗಲಿಲ್ಲ. "ಅವರು ಬರೂದಿಲ್ಲಪ್ಪ," ಎಂದು ದ್ರಾಕ್ಷಾಯಣಿ ಒಳಗಿನಿಂದ ಹೇಳಿದಳು.

ಅಡುಗೆಮನೆಯ ಕಟ್ಟೆಯ ಮೇಲೆ, ಬೆಲ್ಲದ ಉಂಡೆಯ ಪಕ್ಕದಲ್ಲಿ, ಧೋತರ ಬಿಚ್ಚಿದ ಸುತ್ತಿಗೆ ಇತ್ತು. "ಬೆಲ್ಲ ಒಡಿಯಾಕ ಆಗತೈತಿ, ಇಟ್ಕೋ," ಎಂದಿದ್ದ ಬೆಳಿಗ್ಗೆ, ಆ ವಾರದ ಮೊದಲ ಮಾತು. ಅವಳು ಸುತ್ತಿಗೆ ಎತ್ತಿ ಹೊಡೆದಳು. ಬೆಲ್ಲ ಗಟ್ಟಿಯಿತ್ತು, ಒಡೆಯಲಿಲ್ಲ. ಕಟ್ಟೆ ಅದುರುವ ಹಾಗೆ ಇನ್ನೊಮ್ಮೆ ಹೊಡೆದು, ತಿರುಗಿ ಹಜಾರದ ಕಡೆ ನೋಡಿದಳು. ಅವನು ಅವಳಿಗೆ ಬೆನ್ನು ಹಾಕಿ, ಎಡಗೈಯ ಅಂಗೈಯನ್ನು ಕಿಟಕಿಯ ಗಾಜಿಗೆ ಹಚ್ಚಿಕೊಂಡು ಕುಳಿತಿದ್ದ.