ಎರಡನೇದು ಸಾಕು

ವಿಜಯನಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ವೆಂಕಟಗಿರಿ ಮೇಷ್ಟ್ರು ವಿಧಾನ ಪರಿಷತ್ತಿಗೆ ನಿಂತದ್ದು ಗೆಲ್ಲುವುದಕ್ಕಲ್ಲ ಬಿಡಿ. ಐವತ್ತು ದಾಟಿದೆ, ಮದುವೆಯಿಲ್ಲ, ಮಾರೇನಹಳ್ಳಿಯ ಬಾಡಿಗೆ ಮನೆಯಲ್ಲಿ ಮಾತಿಗೆ ಟಿವಿ ಒಂದೇ. ನಾಲ್ಕು ಜನರಾದರೂ ‘ನಮಗೆ ಇವರೇ ಬೇಕು’ ಅಂದಾರು ಎಂಬ ಆಸೆ. ಆಸೆಯೇನು ಸಣ್ಣದೇ?

ಪರಿಷತ್ತಿನ ಎಪ್ಪತ್ತೈದು ಸ್ಥಾನಗಳಲ್ಲಿ ಶಾಸಕರು ಆರಿಸುವುದು ಇಪ್ಪತ್ತೈದು, ಸ್ಥಳೀಯ ಸಂಸ್ಥೆಗಳವರು ಇಪ್ಪತ್ತೈದು, ರಾಜ್ಯಪಾಲರ ನಾಮನಿರ್ದೇಶನ ಹನ್ನೊಂದು, ಪದವೀಧರರಿಗೆ ಏಳು, ಶಿಕ್ಷಕರಿಗೆ ಏಳು ಎಂದು ಮಕ್ಕಳಿಗೆ ಉರು ಹೊಡೆಸಿದ ಮನುಷ್ಯ. ತಾವು ನಿಂತ ಈ ಶಿಕ್ಷಕರ ಕ್ಷೇತ್ರದಲ್ಲಿ ಗುಂಡಿ ಒತ್ತುವುದಿಲ್ಲ, ಹೆಸರುಗಳ ಎದುರು ಒಂದು, ಎರಡು, ಮೂರು ಎಂದು ಬರೆಯಬೇಕು ಎಂಬುದೂ ಗೊತ್ತು. ಗೊತ್ತಿದ್ದೇನು ಬಂತು! ಓಟು ಕೇಳಲು ಹೋದಲ್ಲೆಲ್ಲ ಹಾಳು ಸಂಕೋಚ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಸ್ಟಾಫ್‌ರೂಮುಗಳನ್ನು ಅಲೆದು, "ಒಂದನೇದು ನಿಮ್ಮ ಸಂಘದವರಿಗೇ ಕೊಡಿ ಸಾರ್, ನನಗೆ ಎರಡನೇದು ಸಾಕು" ಎಂದು ಕೈಮುಗಿದು ಬಂದರು. ಎಲ್ಲರೂ "ಖಂಡಿತ ಸಾರ್" ಎಂದರು.

ಕನ್ನಡ ಟೀಚರ್ ಶೋಭಾರಾಣಿಗೂ ಅದನ್ನೇ ಹೇಳಿದರು. ಆಕೆಯೂ ಒಂಟಿ. ಎಷ್ಟೋ ವರ್ಷದಿಂದ ಇಬ್ಬರೂ ಎದುರುಬದುರು ಕೂತು ಊಟದ ಡಬ್ಬಿ ಬಿಚ್ಚುವವರು. ಮೇಷ್ಟ್ರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ ಹತ್ತು ಜನರಲ್ಲಿ ಮೊದಲಿಗರು ಆಕೆಯೇ.

ಎಣಿಕೆಯ ದಿನ ಉಳಿದ ಅಭ್ಯರ್ಥಿಗಳ ಹಿಂದೆ ಏಜೆಂಟರ ದಂಡು. ಮೇಷ್ಟ್ರು ಒಬ್ಬರೇ ನಿಂತಿದ್ದರು. ಒಂದನೇ ಪ್ರಾಶಸ್ತ್ಯ ಯಾರಿಗೋ ಅವರ ಟ್ರೇಗೆ ಮತಪತ್ರ ಹೋಗುತ್ತದೆ. ಶಿಕ್ಷಕರ ಸಂಘದ ಅಭ್ಯರ್ಥಿಯ ಟ್ರೇ ತುಂಬಿತು. ಅದರೊಳಗಿನ ಹಾಳೆಹಾಳೆಯಲ್ಲೂ ಮೇಷ್ಟ್ರ ಹೆಸರಿನ ಎದುರು ಎರಡು, ಎರಡು, ಎರಡು. ಅವರ ಟ್ರೇಯಲ್ಲಿ ಬಿದ್ದದ್ದು ಒಂದೇ ಹಾಳೆ. ಅದರ ಮೇಲಿನ ‘೧’ ಅವರ ಕೈಬರಹವೇ. ಅಯ್ಯೋ, ಸಹಿ ಹಾಕಿದ ಹತ್ತು ಜನರೂ ಎಲ್ಲಿ ಹೋದರು?

ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರಲಿಲ್ಲ. ಹಾಗಾದಾಗ ಕಡಿಮೆ ಬಂದವರನ್ನು ಮೊದಲು ಕೈಬಿಟ್ಟು, ಅವರ ಮತಗಳನ್ನು ಮುಂದಿನ ಅಂಕಿ ಪಡೆದವರಿಗೆ ಕೊಡುತ್ತಾರೆ. ಕೈಬಿಟ್ಟವರಿಗೆ ಬಂದಿದ್ದ ಎರಡನೇ ಪ್ರಾಶಸ್ತ್ಯವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಧಿಕಾರಿ ಆ ಒಂದು ಹಾಳೆಯನ್ನೂ ಎತ್ತಿ ಸಂಘದವರ ಟ್ರೇಗೆ ಹಾಕಿದರು. ಮೇಷ್ಟ್ರು ಮರ್ಯಾದೆಗೆಂದು ಎರಡನೇದನ್ನು ಅವರಿಗೇ ಬರೆದಿದ್ದರು.

ಹೊರಗೆ ಗೇಟಿನ ಹತ್ತಿರ ಶೋಭಾರಾಣಿ ಕಾಯುತ್ತಿದ್ದರು.

"ನೀವೂ ಎರಡನೇದೇನಾ ಟೀಚರ್?"

"ನೀವೇ ಹಾಗೆ ಕೇಳಿದ್ರಲ್ಲ ಸಾರ್. ಮನಸ್ಸಿಲ್ಲದೆ ಹಾಕ್ದೆ." ಆಕೆಯ ಕಣ್ಣು ತುಂಬಿತ್ತು, ಕೋಪವೂ ಇತ್ತು. "ಮುಂದಿನ ತಿಂಗಳು ರಿಟೈರ್ ಆಗಿ ಹುಬ್ಬಳ್ಳಿಗೆ, ತಮ್ಮನ ಮನೆಗೆ ಹೋಗ್ತಾ ಇದೀನಿ. ಇಷ್ಟು ವರ್ಷದಲ್ಲಿ ಒಂದನೇದು ಬೇಕು ಅಂತ ನೀವು ಒಂದು ಸಲ ಕೇಳಿದ್ರೆ, ನಾನು ಇಲ್ಲ ಅಂತಿದ್ನಾ?"

ಆಟೋ ಬಂತು. ಆಕೆ ಹತ್ತಿ ಕೂತು, ಸರಿದು ಪಕ್ಕದಲ್ಲಿ ಜಾಗ ಬಿಟ್ಟರು.

"ನೀವು ಹೊರಡಿ ಟೀಚರ್, ನಾನು ಬಸ್ಸಲ್ಲಿ ಬರ್ತೀನಿ" ಎಂದರು ಮೇಷ್ಟ್ರು.