ಫಾಲೋಆನ್ ಕೇಳಿದ ಕ್ಯಾಪ್ಟನ್

ಷಡಕ್ಷರಿ ಮೇಷ್ಟ್ರಿಗೆ ಬರೀ ಗೆದ್ದರೆ ಸಾಲದು, ಎದುರಿನವರ ಮಾನ ಹರಾಜಾಗಬೇಕು. ದಟ್ಟಗಳ್ಳಿಯಲ್ಲಿ ಖೊ ಖೊ ಕೋಚಿಂಗ್ ನಡೆಸುವ ಈ ಮಹಾಶಯರು ನೆರಳಲ್ಲಿ ಕುರ್ಚಿ ಹಾಕಿಕೊಂಡು ಮಕ್ಕಳನ್ನು ಓಡಿಸಿ, ಹೆಸರು ಮಾತ್ರ ತಾವು ಹೊಡೆದುಕೊಳ್ಳುವವರು.

ರಾಮಕೃಷ್ಣನಗರದ ಮೈದಾನದಲ್ಲಿ ಅವತ್ತು ಅವರ ಹುಡುಗಿಯರಿಗೆ ಎದುರಾದದ್ದು ರಾಜೀವನಗರದ ಶಾಲೆಯೊಂದರ ತಂಡ. ಹೊಸದಾಗಿ ಆಟ ಕಲಿತವರು. ಕಂಬ ಸುತ್ತುವಾಗ, ಪಾಪ, ತಮ್ಮತಮ್ಮಲ್ಲೇ ಡಿಕ್ಕಿ ಹೊಡೆದುಕೊಳ್ಳುತ್ತಿದ್ದರು. ಎರಡೂ ಕಡೆಯವರು ಒಂದೊಂದು ಸರದಿ ಬೆನ್ನಟ್ಟಿ ಮುಗಿಸಿದಾಗ ಇವರದು ಮೂವತ್ತೊಂದು, ಅವರದು ನಾಲ್ಕು. ಔಟಾದ ಅವರ ಕಡೆಯ ಒಬ್ಬ ಚಿಕ್ಕ ಹುಡುಗಿ ಕೂತಲ್ಲೇ ಮುಖ ಮುಚ್ಚಿಕೊಂಡಿದ್ದಳು. ಇವರ ಕಡೆಯ ಅಪ್ಪ ಅಮ್ಮಂದಿರು ಅದನ್ನೂ ಮೊಬೈಲಿನಲ್ಲಿ ಹಿಡಿದು ಹಲ್ಲು ಕಿಸಿಯುತ್ತಿದ್ದರು. ಓದಿದ ಜನ ಬೇರೆ!

ಇಷ್ಟು ಅಂತರವಿದ್ದರೆ ಮುಂದಿರುವ ಕ್ಯಾಪ್ಟನ್ ಫಾಲೋಆನ್ ಕೇಳಬಹುದು. ಆಗ ಹಿಂದೆ ಬಿದ್ದವರೇ ಮತ್ತೆ ಬೆನ್ನಟ್ಟಬೇಕು. ಅಂತರ ತುಂಬದಿದ್ದರೆ ಆಟ ಅಲ್ಲಿಗೆ ಮುಗಿಯಿತು. ಕೇಳದಿದ್ದರೆ ಗೆಲ್ಲುತ್ತಿರುವವರು ಇನ್ನೊಮ್ಮೆ ಅಟ್ಟಿ ಅಂಕ ಗುಡ್ಡೆ ಹಾಕಿಕೊಳ್ಳಬಹುದು. ತೀರ್ಮಾನ ಕ್ಯಾಪ್ಟನ್‌ಗೆ ಬಿಟ್ಟದ್ದು.

ಕ್ಯಾಪ್ಟನ್ ಅಕ್ಷತಾಗೆ ಹದಿಮೂರು ವರ್ಷ. "ಏನಮ್ಮ, ಫಾಲೋಆನ್ ಬೇಕಾ?" ಎಂದು ಅಂಪೈರ್ ಕೇಳಿದರು.

"ಬೇಡ ಅನ್ನು!" ಷಡಕ್ಷರಿ ಗೆರೆಯಾಚೆಯಿಂದ ಅರಚಿದರು. "ಅರವತ್ತು ದಾಟ್ಬೇಕು ಕಣೇ, ಪೇಪರ್ನೋರು ಹಾಕ್ತಾರೆ. ನನ್ ಮಾತು ಮೀರಿದ್ರೆ ಕ್ಯಾಪ್ಟನ್‌ಗಿರಿ ಹೋಯ್ತು ಅಂದ್ಕೊ!"

ಅವರು ಅಂದದ್ದಕ್ಕೆಲ್ಲ ಎರಡು ವರ್ಷ ತಲೆಯಾಡಿಸಿದ ಮೇಲೆ ಸಿಕ್ಕಿದ ಪಟ್ಟ ಅದು. ಅಜ್ಜಿ ಪುಟ್ಟಬಸಮ್ಮ ಬೀದಿಗೆಲ್ಲ ಹೇಳಿಕೊಂಡು, ಇವತ್ತು ನೋಡಲೆಂದೇ ಬಂದಿದ್ದಳು. ಅಕ್ಷತಾ ಎದುರು ತಂಡದ ಕಡೆ ನೋಡಿದಳು. ಆ ಚಿಕ್ಕ ಹುಡುಗಿ ಮತ್ತೆ ಅಟ್ಟಿಸಿಕೊಳ್ಳಲು ತಲೆ ತಗ್ಗಿಸಿ ಎದ್ದು ನಿಂತಿದ್ದಳು.

"ಫಾಲೋಆನ್ ಬೇಕು ಸರ್" ಅಂದುಬಿಟ್ಟಳು.

ರಾಜೀವನಗರದವರು ಬಿದ್ದು ಎದ್ದು ಬೆನ್ನಟ್ಟಿ ಐದು ಜನರನ್ನು ಮುಟ್ಟಿದರು. ಅಕ್ಷತಾ ಔಟಾದದ್ದು ಆ ಚಿಕ್ಕ ಹುಡುಗಿಯ ಕೈಯಲ್ಲೇ. ಬೇಕಂತಲೇ ಸಿಕ್ಕಿಬಿದ್ದದ್ದಲ್ಲ, ಜೀವ ಬಿಟ್ಟು ಓಡಿದ್ದಳು. ಬೆನ್ನಿಗೆ ರಪ್ಪನೆ ಬಾರಿಸಿದ ಹುಡುಗಿ ಕುಣಿದದ್ದೇ ಕುಣಿದದ್ದು. ಅಂತರ ಮಾತ್ರ ತುಂಬಲಿಲ್ಲ, ಪಂದ್ಯ ಇವರದೇ ಆಯಿತು.

ಷಡಕ್ಷರಿ ಮುಖ ಗಂಟಿಕ್ಕಿಕೊಂಡು ಬಂದರು. "ಬಂದ್ಬುಟ್ಳು ದೊಡ್ಡ ಧರ್ಮಾತ್ಮೆ! ನಾಳೆಯಿಂದ ಬಿಂದು ಕ್ಯಾಪ್ಟನ್."

ಅಷ್ಟರಲ್ಲಿ ಪಂದ್ಯ ಏರ್ಪಡಿಸಿದ್ದ ಚಂದ್ರಮೌಳಿಯವರು ಬಂದು ಅವರ ಕೈ ಕುಲುಕಿದರು. "ಎಂಥಾ ಹುಡುಗಿ ಕಣ್ರೀ ನಿಮ್ಮದು! ಆ ಮಕ್ಕಳನ್ನ ಇನ್ನೂ ಗೋಳು ಹುಯ್ಕೊಳ್ದೆ ಬಿಟ್ಟಳಲ್ಲ!"

ಷಡಕ್ಷರಿಯ ಅಷ್ಟೂ ಹಲ್ಲು ಹೊರಗೆ ಬಂದವು. "ಅಯ್ಯೋ, ನಾನೇ ಹೇಳ್ದೆ ಸರ್. ಫಾಲೋಆನ್ ಕೇಳ್ಬುಡಮ್ಮ, ಪಾಪ ಅಂತ."

ಅಕ್ಷತಾಗೆ ಅಳು ಉಕ್ಕಿ ಬಂತು. ಪುಟ್ಟಬಸಮ್ಮ ಸೆರಗಿನಿಂದ ಮೊಮ್ಮಗಳ ಕಣ್ಣೊರೆಸಿದಳು. "ಕ್ಯಾಪ್ಟನ್‌ಗಿರಿ ಹೋದ್ರೆ ಹೋಯ್ತು ಬುಡು ಕಣವ್ವ."

"ಅದಕ್ಕಲ್ಲ ಅಜ್ಜಿ. ಎರಡು ವರ್ಷ ಈ ಮನುಷ್ಯನಿಗೆ ಹೆದರ್ಕೊಂಡಿದ್ನಲ್ಲ!"