ಆರರ ಆಚೆ

"ಆರು ಡಿಗ್ರಿ," ಎಂದ ಅಣ್ಣ, ತಂಗಿ ಪ್ರಶ್ನೆ ಮುಗಿಸುವ ಮೊದಲೇ. "ಅರವತ್ತು ಸೆಕೆಂಡಿಗೆ ಒಂದು ಸುತ್ತು ಅಂದ್ಮೇಲೆ ಸೆಕೆಂಡಿಗೆ ಆರು. ನಿನ್ನ ಶಾಲೆ ಮಕ್ಕಳಿಗೆ ಕೇಳೋದನ್ನೇ ನನಗೂ ಕೇಳ್ತೀಯಲ್ಲ ಮೇಡಂ."

ಆಸ್ಪತ್ರೆಯ ವ್ಯಾಯಾಮದ ಕೊಠಡಿಯಲ್ಲಿ ಇಬ್ಬರೂ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನಿಗೆ ಮೂರು ತಿಂಗಳ ಹಿಂದೆ ಮಿದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಮೊದಲಿನಷ್ಟೇ ಪಳಗಿತ್ತು, ಮಾತು ಮೊದಲಿನಷ್ಟೇ ಹರಿತವಾಗಿತ್ತು. ಕಣ್ಣಿನಲ್ಲೂ ದೋಷವಿರಲಿಲ್ಲ. ಆದರೆ ಎಡಗಡೆ ಎಂಬುದೊಂದು ಇದೆಯೆಂದೇ ಅವನ ಮನಸ್ಸಿಗೆ ಹೊಳೆಯುತ್ತಿರಲಿಲ್ಲ. ಅಂದು ಬೆಳಿಗ್ಗೆಯೂ ಬಲಗೆನ್ನೆಯನ್ನಷ್ಟೇ ಕ್ಷೌರ ಮಾಡಿಕೊಂಡು, ಮುಗಿಯಿತೆಂದು ಮುಖ ಒರೆಸಿಕೊಂಡಿದ್ದ. ಎಡಗಡೆಯಿಂದಲೇ ಮಾತನಾಡಿಸಿ, ಎಡಕ್ಕೇ ಕೂರಿ ಎಂದು ವೈದ್ಯೆ ಹೇಳಿದ್ದರಿಂದ ತಂಗಿಯ ಕುರ್ಚಿ ಮೂರು ತಿಂಗಳಿಂದ ಅವನ ಎಡಬದಿಯಲ್ಲೇ ಇತ್ತು.

ಸೆಕೆಂಡಿನ ಮುಳ್ಳನ್ನು ಅವನ ನೋಟ ಪೂರ್ತಿ ಒಂದು ಸುತ್ತು ಹಿಂಬಾಲಿಸಿದರೆ ಅವನು ಅಂಗಡಿಯ ಮೇಜಿಗೆ ಮರಳಬಹುದು. ಇಲ್ಲವಾದರೆ ಆ ಆಸೆ ಬಿಡಬೇಕು. ಇಷ್ಟು ದಿನದಲ್ಲಿ ಬಾರದ್ದು ಇನ್ನು ಬರುವುದು ಅಪರೂಪ. ವೈದ್ಯೆಯ ಈ ಪರೀಕ್ಷೆ ಅಂದು ಹನ್ನೊಂದು ಗಂಟೆಗಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ತನ್ನ ಕೈಯಾರೆ ಕಟ್ಟಿದ ಗಡಿಯಾರದ ಮುಳ್ಳನ್ನು ಅವನು ನಡುದಾರಿಯಲ್ಲಿ ಕೈಬಿಡಲಾರ ಎಂಬುದು ತಂಗಿಯ ತರ್ಕ.

ಅವಳು ಶಾಲೆಯಲ್ಲಿ ಕಲಿಸುವ ಪ್ರೋಗ್ರಾಮಿನಲ್ಲಿ ಒಂದೊಂದು ಆದೇಶವೂ ಒಂದೊಂದು ಬಣ್ಣದ ತುಂಡು; ಒಂದರ ಕೆಳಗೊಂದನ್ನು ಕಚ್ಚಿಸಿದರೆ ಸಾಕು. ತುಂಡುಗಳ ಪಟ್ಟಿ ಇರುವುದು ಪರದೆಯ ಎಡ ಅಂಚಿನಲ್ಲಿ. ಆದ್ದರಿಂದ ಬೇಕಾದವನ್ನು ಅವಳೇ ಬಲಕ್ಕೆ ಎಳೆದಿಟ್ಟಿದ್ದಳು. ಹಿಂದಿನ ದಿನದ ಅಭ್ಯಾಸದಲ್ಲಿ ಉಳಿದ ಒಂದೆರಡು ತುಂಡುಗಳೂ ಅಲ್ಲೇ ಇದ್ದವು. ಆರು ಡಿಗ್ರಿ ತಿರುಗು. ಒಂದು ಸೆಕೆಂಡ್ ಕಾಯಿ. ಸದಾ ಹೀಗೇ ಮಾಡು. ಅವನು ಮೂರನ್ನೂ ಜೋಡಿಸಿ, ಪ್ರೋಗ್ರಾಮನ್ನು ಓಡಿಸುವ ಹಸಿರು ಬಾವುಟದ ಗುಂಡಿ ಒತ್ತಿದ.

ಕೆಂಪು ಮುಳ್ಳು ಹನ್ನೆರಡರಿಂದ ಹೊರಟು ಮೂರನ್ನು ಹಾದು ಆರನ್ನು ತಲುಪಿತು.

"ನಿಂತೋಯ್ತು," ಎಂದ.

"ನಿಂತಿಲ್ಲ ಅಣ್ಣಾ. ನನ್ನ ಕಡೆ ತಿರುಗು. ಇನ್ನೂ ಸ್ವಲ್ಪ. ಎಂಟರ ಹತ್ರ ಇದೆ ನೋಡು."

"ನಿಂತ ಗಡಿಯಾರ ಯಾವುದು ಅಂತ ನೀನು ನನಗೆ ಹೇಳಿಕೊಡ್ತೀಯಾ? ಆರರ ಹತ್ರ ಮುಳ್ಳು ಎಲ್ಲೋ ತಾಗ್ತಿದೆ."

ಅವಳು ಅವನ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದಳು. ಮುಖ ತಿರುಗಿತು, ಕಣ್ಣುಗಳು ಹಿಂದೆಯೇ ಉಳಿದವು. ಅಷ್ಟರಲ್ಲಿ ಮುಳ್ಳು ಹನ್ನೆರಡನ್ನು ದಾಟಿತು.

"ಹೊರಡ್ತು ನೋಡು, ತಾನೇ. ಇಂಥದ್ದನ್ನ ಗಿರಾಕಿ ಕೈಗೆ ಕೊಟ್ರೆ ಮುಖದ ಮೇಲೆ ಎಸೀತಾನೆ."

ಗಂಟೆ ಹನ್ನೊಂದಾಗಿತ್ತು. ಅವಳು ವೈದ್ಯೆಯನ್ನು ಕರೆತರಲು ಎದ್ದುಹೋದಳು. ಇಬ್ಬರೂ ಬರುವಷ್ಟರಲ್ಲಿ ಅವನ ಮುಖ ಅರಳಿತ್ತು. ಎಷ್ಟೋ ವಾರಗಳಿಂದ ಅವಳು ಕಾಣದಿದ್ದ, ಅಂಗಡಿಯ ಮೇಜಿನ ಹಿಂದಿನ ಮುಖ ಅದು.

"ದೋಷ ಸಿಕ್ತು ಡಾಕ್ಟ್ರೇ. ಸಣ್ಣದೇ. ಈಗ ನೋಡಿ, ಎಲ್ಲೂ ನಿಲ್ಲಲ್ಲ."

ಉಳಿದಿದ್ದ ತುಂಡುಗಳನ್ನು ಅವನು ಅಚ್ಚುಕಟ್ಟಾಗಿ ನಡುವೆ ಸೇರಿಸಿದ್ದ: ಮುಳ್ಳು ಆರಕ್ಕೆ ಬಂದರೆ, ಹನ್ನೆರಡಕ್ಕೆ ಹೋಗು. ಕೆಂಪು ಮುಳ್ಳು ಬಲಬದಿಯಲ್ಲಿ ಇಳಿದು, ಆರನ್ನು ಮುಟ್ಟಿ, ಹನ್ನೆರಡಕ್ಕೆ ಹಾರಿ, ಮತ್ತೆ ಇಳಿಯಿತು. ಅವನ ಕಣ್ಣು ಒಂದು ಸೆಕೆಂಡನ್ನೂ ತಪ್ಪಿಸದೆ ಅದನ್ನು ಹಿಂಬಾಲಿಸುತ್ತಿತ್ತು.

ವೈದ್ಯೆ ಮೂರು ಸಲ ಅದನ್ನು ನೋಡಿದರು. "ತುಂಬಾ ನೀಟಾಗಿ ಮಾಡಿದೀರಿ, ಯಜಮಾನ್ರೇ," ಎಂದರು. ನಂತರ ಕಡತ ತೆರೆದು ಒಂದೇ ಸಾಲು ಬರೆದು, ತಂಗಿಯತ್ತ ನೋಡದೆ ಹೊರಟುಹೋದರು.

"ಎಲ್ಲಿ ಹೋದ್ಲು ಇವಳು?" ಅಣ್ಣ ಬಲಗಡೆ ಹುಡುಕಿದ. "ಅವಳಿಗೆ ತೋರಿಸ್ಬೇಕಿತ್ತು."

ಅವನ ಎಡಕ್ಕೆ ನಿಂತಿದ್ದ ತಂಗಿ ತನ್ನ ಕುರ್ಚಿಯನ್ನು ಸದ್ದಾಗದಂತೆ ಎತ್ತಿಕೊಂಡಳು. ಅವನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಅದನ್ನು ಬಲಬದಿಯಲ್ಲಿಟ್ಟು ಕುಳಿತಳು.